ಐಪಿ69 ಎಂದರೆ ಫೋನನ್ನು ಕಡಲಿಗಿಳಿಸಲು ಪರವಾನಗಿಯಲ್ಲ

ಪ್ರಶ್ನೆ: ನನ್ನ ಫೋನಿಗೆ ಮೂರು ವರ್ಷ. ಬೇರೇನೂ ತೊಂದರೆ ಇಲ್ಲ. ಆದರೆ ಈಚೆಗೆ ಚಾರ್ಜಿಗೆ ಹಾಕಿದಾಗೆಲ್ಲ ಪೋರ್ಟಿನಲ್ಲಿ ತೇವ ಇದೆ ಎಂದು ಎಚ್ಚರಿಕೆ ಬರುತ್ತದೆ. ಹೊಸ ಮಾಡೆಲಿನಲ್ಲಿ ದೂಳು-ನೀರು ತಡೆಯುವ ಐಪಿ68, ಐಪಿ69 ರೇಟಿಂಗ್ ಎರಡೂ ಇವೆಯಂತೆ. ಬೋಟಿಗೆ ಹೋಗುವ ನನ್ನಂಥವರು ಅದಕ್ಕೆ 40,000 ಹಾಕಬಹುದೇ? (ಮಲ್ಪೆ)

ಉತ್ತರ: ಹಾಕಬೇಡಿ. ಮಳೆ ಹಿಡಿಯುವ ಹೊತ್ತಿಗೆ ಇದೇ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಅಂಗಡಿಯವರು ಅದೇ ಎರಡು ಅಂಕೆ ತೋರಿಸಿ ಫೋನ್ ಮಾರುತ್ತಲೇ ಇದ್ದಾರೆ.

ಐಪಿ68ರ ಮುಳುಗಿಸುವ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಚ್ಚಹೊಸ ಫೋನಿನ ಮೇಲೆ, ಕಂಪನಿಯೇ ಹೇಳಿದ ಆಳ ಮತ್ತು ಅವಧಿಗೆ. ಐಪಿ69 ಎಂದರೆ ಸುಮಾರು 80 ಡಿಗ್ರಿ ಬಿಸಿನೀರನ್ನು 10-15 ಸೆಂ.ಮೀ. ದೂರದಿಂದ ಒತ್ತಡದಲ್ಲಿ ಚಿಮ್ಮಿಸುವ ಪರೀಕ್ಷೆ. ಅದಕ್ಕೂ ಮುಳುಗುವುದಕ್ಕೂ ಸಂಬಂಧವೇ ಇಲ್ಲ; ಎರಡೂ ಬೇಕಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ಬರೆದಿರಬೇಕು. ಉಪ್ಪುನೀರು ಈ ಎರಡರಲ್ಲಿಯೂ ಇಲ್ಲ. ನೀರು ತಡೆಯುವುದು ಹಿಂಬದಿಯ ಅಂಟು, ಸಿಮ್ ಟ್ರೇಯ ರಬ್ಬರ್, ಸ್ಪೀಕರಿನ ಜಾಳಿಗೆ. ಒಂದು ಸಲ ಜೋರಾಗಿ ಬಿದ್ದು ಚೌಕಟ್ಟು ಸ್ವಲ್ಪ ಬಾಗಿದರೂ ಸಾಕು, ಅಂಟು ಬಿಡುತ್ತದೆ. ಡಿಸ್‌ಪ್ಲೇ ಬದಲಿಸಲು ಬಿಚ್ಚಿ ಟ್ಯೂಬಿನ ಗೋಂದು ಹಾಕಿ ಮುಚ್ಚಿದ ಫೋನನ್ನು ಐಪಿ68 ಎಂದು ನಂಬಲೇಬೇಡಿ. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ಬಹುತೇಕ ಕಂಪನಿಗಳ ವಾರಂಟಿಯಲ್ಲಿ ನೀರಿನ ಹಾನಿ ಸೇರಿಲ್ಲ. ನೀರು ತಾಗಿತೇ ಎಂದು ತೋರಿಸುವ ಒಳಗಿನ ಬಿಳಿ ಸ್ಟಿಕ್ಕರ್ ಕೆಂಪಾಗಿದ್ದರೆ ರಿಪೇರಿ ಖರ್ಚು ನಿಮ್ಮದೇ.

ನಿಮ್ಮ ಎಚ್ಚರಿಕೆಗೆ ಬಹುಶಃ ಕಾರಣ ನೀರಲ್ಲ, ಉಪ್ಪು. ನೀರು ಆರಿದರೂ ಉಪ್ಪು ಉಳಿಯುತ್ತದೆ, ನಮ್ಮ ಗಾಳಿಯ ತೇವ ಹೀರುತ್ತದೆ, ಪಿನ್ನುಗಳ ನಡುವೆ ಕರೆಂಟ್ ಹರಿಯುತ್ತದೆ. ಫೋನ್ ಆಫ್ ಮಾಡಿ ಟಾರ್ಚ್ ಹಾಕಿ ಪೋರ್ಟಿನ ನಡುವಿನ ನಾಲಿಗೆಯನ್ನು ನೋಡಿ. ಹಸಿರೋ ಕಪ್ಪೋ ಕಂಡರೆ ಅದು ಕಿಲುಬು. ಮೆತ್ತನೆಯ ಬ್ರಷ್ಷಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿ ತಿಕ್ಕಿ, ಪೂರ್ತಿ ಆರಿದ ಮೇಲೆಯೇ ಚಾರ್ಜ್ ಮಾಡಿ. ಸೇಫ್ಟಿ ಪಿನ್ ತೂರಿಸಬೇಡಿ. ಹೋಗದಿದ್ದರೆ ಚಾರ್ಜಿಂಗ್ ಬೋರ್ಡ್ ಮಾತ್ರ ಬದಲಿಸಿ. ಅನೇಕ ಫೋನುಗಳಲ್ಲಿ ಅದು ಮುಖ್ಯ ಬೋರ್ಡಿನಿಂದ ಬೇರೆಯೇ ಇರುತ್ತದೆ. ಎಚ್ಚರಿಕೆಯನ್ನು ಕಡೆಗಣಿಸಿ ಬಲವಂತದಿಂದ ಚಾರ್ಜ್ ಮಾಡಿದರೆ ಪಿನ್ನು ಸವೆದುಹೋಗಬಹುದು, ಯಾಕೆಂದರೆ ಉಪ್ಪು ಮತ್ತು ಕರೆಂಟ್ ಸೇರಿದಲ್ಲೇ ಲೋಹ ಬೇಗ ಸವೆಯುವುದು.

ಐಪಿ68 ಫೋನು ಕಡಲಿಗೆ ಬಿದ್ದರೆ ಸಿಮ್ ಟ್ರೇ ತೆಗೆಯದೆ, ನಲ್ಲಿಯ ಸಿಹಿನೀರನ್ನು ನಿಧಾನವಾಗಿ ಹರಿಸಿ ತೊಳೆಯಿರಿ. ಸೋಪು ಬೇಡ, ಸೋಪುನೀರು ಜಾಳಿಗೆಯೊಳಗೆ ಸುಲಭವಾಗಿ ಇಳಿಯುತ್ತದೆ. ಪೋರ್ಟ್ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನಿನ ಮುಂದೆ ಒಂದು ದಿನ ಇಡಿ. ಐಪಿ ಇಲ್ಲದ ಫೋನಾದರೆ ತೊಳೆಯಬೇಡಿ: ಆಫ್ ಮಾಡಿ, ಆನ್ ಆಗುತ್ತದೆಯೇ ಎಂದು ಪರೀಕ್ಷಿಸದೆ, ಅದೇ ದಿನ ರಿಪೇರಿಯವರಲ್ಲಿ ಬಿಚ್ಚಿಸಿ ಬ್ಯಾಟರಿ ಕಳಚಿಸಿ ಬೋರ್ಡ್ ತೊಳೆಸಿ. ಮರುದಿನಕ್ಕೆ ತಡವಾಗಿರುತ್ತದೆ.

ಬೋಟಿಗೆ ಜಿಪ್ ಪೌಚೇ ಸಾಕು. ಸೆಕ್ಯುರಿಟಿ ಅಪ್‌ಡೇಟ್ ನಿಂತ ದಿನ ಹೇಗೂ ಹೊಸದು ಬೇಕಾಗುತ್ತದೆ; ಆಗ ಐಪಿ68 ಇರಲಿ, ಅದಕ್ಕಿಂತ ಮುಖ್ಯವಾಗಿ ವೈರ್‌ಲೆಸ್ ಚಾರ್ಜಿಂಗ್ ಇರಲಿ. ಕರಾವಳಿಯಲ್ಲಿ ಮೊದಲು ಸಾಯುವುದು ಪೋರ್ಟ್.

ಪ್ರಶ್ನೆ: ನೀರಿಗೆ ಬಿದ್ದ ಫೋನನ್ನು ಕುಚ್ಚಲಕ್ಕಿಯಲ್ಲಿಡುವುದೋ ಬೆಳ್ತಿಗೆಯಲ್ಲೋ?

ಉತ್ತರ: ಎರಡರಲ್ಲೂ ಬೇಡ, ಮಾರಾಯ್ರೆ! ಅಕ್ಕಿ ಒಳಗಿನ ನೀರನ್ನು ಎಳೆಯುವುದಿಲ್ಲ, ಹುಡಿ ಪೋರ್ಟಿಗೆ ಸೇರುತ್ತದೆ. ಶಬ್ದ ಮಾಡಿ ನೀರು ಹೊರಹಾಕುವ ಆ್ಯಪ್ ಸ್ಪೀಕರಿನ ಹನಿ ಮಾತ್ರ ಉದುರಿಸುತ್ತದೆ, ಬೋರ್ಡಿನದಲ್ಲ. ಹೇರ್ ಡ್ರೈಯರ್ ಇದ್ದ ಅಂಟನ್ನೂ ಬಿಡಿಸುತ್ತದೆ.

ಪ್ರಶ್ನೆ: 200 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕಾಗಿ ಫೋನ್ ಬದಲಿಸಬಹುದೇ?

ಉತ್ತರ: ಸಾಮಾನ್ಯವಾಗಿ ಅದು 16 ಪಿಕ್ಸೆಲ್‌ಗಳನ್ನು ಒಂದಾಗಿ ಸೇರಿಸಿ 12.5 ಮೆಗಾಪಿಕ್ಸೆಲಿನ ಚಿತ್ರವನ್ನೇ ಕೊಡುತ್ತದೆ, ಅದಕ್ಕೆಂದು ಬದಲಿಸಬೇಡಿ.

ಪ್ರಶ್ನೆ: ಮುರಕಲ್ಲಿನ ಹಳೆಯ ಮನೆ. ಒಳಗೆ ಜಿಯೊ 5ಜಿ ನಿಲ್ಲುವುದಿಲ್ಲ. ಫೋನ್ ಬದಲಿಸಲೇ? (ಕುಂದಾಪುರ)

ಉತ್ತರ: ಇದು ನಿಜವಾದ ಹಾರ್ಡ್‌ವೇರ್ ಪ್ರಶ್ನೆ. ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲಿನ 5ಜಿ ಬ್ಯಾಂಡ್ (ಫೋನು ಹಿಡಿಯುವ ತರಂಗಗಳ) ಪಟ್ಟಿ ತೆರೆದು ಎನ್28 ಇದೆಯೇ ನೋಡಿ. ಅದು 700 ಮೆಗಾಹರ್ಟ್ಸ್, ದಪ್ಪ ಗೋಡೆಯನ್ನು ಎನ್78ರ 3500 ಮೆಗಾಹರ್ಟ್ಸಿಗಿಂತ ಚೆನ್ನಾಗಿ ದಾಟುತ್ತದೆ. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಅಪ್‌ಡೇಟ್‌ನಿಂದ ಬರುವ ವಸ್ತುವಲ್ಲ, ಬದಲಿಸಲು ಅರ್ಥವಿದೆ. ಆದರೆ ತೊಂದರೆ ಬರೇ ಕರೆಯದ್ದಾಗಿದ್ದು ಮನೆಯಲ್ಲಿ ವೈಫೈ ಇದ್ದರೆ, ಮೊದಲು ವೈಫೈ ಕಾಲಿಂಗ್ ಆನ್ ಮಾಡಿ ಒಂದು ವಾರ ನೋಡಿ.