ಗ್ಯಾರೇಜ್ ಕಟ್ಟೆ: ಹತ್ತಡಿ ಸರಿಸಿದ್ದಕ್ಕೆ ಕೈಕೊಟ್ಟ ಕಾರು

ಪ್ರಶ್ನೆ: ನಮಸ್ಕಾರ ಸರ್. ನಾನಿರುವುದು ಪುಣೆಯ ಕೋಥ್ರೂಡ್‌ನಲ್ಲಿ, ಮೂಲ ಬೆಳಗಾವಿ ಕಡೆ. ಸೋದರಮಾವ ಇಟ್ಟುಕೊಂಡಿದ್ದ 1989ರ ಮಜ್ದಾ ಆರ್‌ಎಕ್ಸ್-7 ಈಗ ನನ್ನ ಹತ್ತಿರ ಇದೆ. ಟರ್ಬೊ ಇಲ್ಲದ್ದು. ಮಳೆಗಾಲ ಪೂರ್ತಿ ಸೊಸೈಟಿ ಪಾರ್ಕಿಂಗ್‌ನಲ್ಲೇ ನಿಂತಿತ್ತು. ಮೊನ್ನೆ ಬಣ್ಣ ಹೊಡೆಯುವವರು ಬಂದಾಗ ವಾಚ್‌ಮನ್ "ಸಾಹೇಬ, ಗಾಡಿ ಜರಾ ಬಾಜೂಲಾ ಘ್ಯಾ" (ಗಾಡಿ ಸ್ವಲ್ಪ ಪಕ್ಕಕ್ಕೆ ತಗೊಳ್ಳಿ) ಅಂದ. ಸ್ಟಾರ್ಟ್ ಮಾಡಿ, ಹತ್ತಡಿ ಹಿಂದೆ ತಂದು ಆಫ್ ಮಾಡಿದೆ. ಮರುದಿನದಿಂದ ಸ್ಟಾರ್ಟೇ ಆಗುತ್ತಿಲ್ಲ. ಸ್ಟಾರ್ಟರ್ ಮೊದಲಿಗಿಂತ ಜೋರಾಗಿ ತಿರುಗುತ್ತೆ, ಪೆಟ್ರೋಲ್ ವಾಸನೆ ಗಪ್ಪಂತ ಮೂಗಿಗೆ ಹೊಡೆಯುತ್ತೆ. ಮೆಕ್ಯಾನಿಕ್ ಕಂಪ್ರೆಷನ್ (ಇಂಜಿನ್ ಒಳಗಿನ ಒತ್ತಡ) ಅಳೆಯುವ ಗೇಜ್ ಹಾಕಿ ನೋಡಿ "ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು" ಅಂದರು. ಇಳಿಸಲಾ?

ಉತ್ತರ: ಇಳಿಸಬೇಡಿ. ಮೊದಲನೆಯದಾಗಿ, ನಿಮ್ಮ ಇಂಜಿನ್‌ನಲ್ಲಿ ಪಿಸ್ಟನ್ನೇ ಇಲ್ಲ, ಇನ್ನು ರಿಂಗ್ ಎಲ್ಲಿಂದ ಹೋಗಬೇಕು? ವಾಲ್ವ್ ಕೂಡ ಇಲ್ಲ. ಇದು ರೋಟರಿ ಇಂಜಿನ್, ಪಿಸ್ಟನ್ ಬದಲು ರೋಟರ್ ಅನ್ನೋ ತ್ರಿಕೋನದ ತುಂಡು ಒಳಗೆ ತಿರುಗುತ್ತೆ. 654 ಸಿಸಿಯ ಎರಡು ರೋಟರ್, ಒಟ್ಟು 1308 ಸಿಸಿ. ಒಂದೊಂದು ರೋಟರ್‌ಗೂ ಮೂರು ಮೂಲೆ, ಮೂಲೆಗೊಂದು ಅಪೆಕ್ಸ್ ಸೀಲ್, ಅಂದರೆ ಗೋಡೆಗೆ ಒತ್ತಿಕೊಂಡು ಒತ್ತಡ ಸೋರದಂತೆ ತಡೆಯುವ ಪಟ್ಟಿ. ಮೆಕ್ಯಾನಿಕ್ ಮೇಲೆ ನನಗೇನೂ ಸಿಟ್ಟಿಲ್ಲ. ಮಜ್ದಾ ಅಂದರೆ ನಮ್ಮ ಕಡೆಯವರಿಗೆ ನೆನಪಾಗೋದು ಸ್ವರಾಜ್ ಮಜ್ದಾ ಮಿನಿ ಬಸ್ಸು. ಈ ಇಂಜಿನ್ ಅವರ ಕೈಗೆ ಎಲ್ಲಿ ಸಿಗಬೇಕು ಪಾಪ.

ನಿಮ್ಮ ಕಾರಿಗೆ ಆಗಿರೋದು ಫ್ಲಡಿಂಗ್, ಅಂದರೆ ಇಂಜಿನ್ ಒಳಗೆ ಪೆಟ್ರೋಲ್ ತುಂಬಿಕೊಂಡಿದೆ. ಆ ಹತ್ತಡಿಯೇ ಕಾರಣ. ತಣ್ಣಗಿದ್ದ ಇಂಜಿನ್‌ಗೆ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತೆ. ಬಿಸಿಯಾಗೋ ಮೊದಲೇ ನೀವು ಆಫ್ ಮಾಡಿದಿರಿ, ಉರಿಯದ ಪೆಟ್ರೋಲ್ ಒಳಗೇ ಉಳಿಯಿತು. ಅದು ಗೋಡೆ ಮೇಲಿನ ಆಯಿಲ್ ಪದರವನ್ನು ತೊಳೆದುಬಿಟ್ಟಿತು. ಆಯಿಲ್ ಇಲ್ಲದೆ ಸೀಲ್ ಸರಿಯಾಗಿ ಹಿಡಿಯಲ್ಲ, ಕಂಪ್ರೆಷನ್ ಬರಲ್ಲ, ಪ್ಲಗ್ ಒದ್ದೆಯಾಗಿ ಕಿಡಿಯೂ ಸರಿಯಾಗಿ ಹಾರಲ್ಲ. ನೀವು ಕೀ ತಿರುಗಿಸಿದಷ್ಟೂ ಮತ್ತಷ್ಟು ಪೆಟ್ರೋಲ್ ಒಳಗೆ ಬೀಳುತ್ತೆ.

ಕಿವಿಗೊಟ್ಟು ಕೇಳಿದರೆ ಇದು ಗೊತ್ತಾಗುತ್ತೆ. ಸರಿಯಾಗಿರೋ ರೋಟರಿ ಕ್ರ್ಯಾಂಕ್ ಆಗುವಾಗ, ಅಂದರೆ ಸ್ಟಾರ್ಟರ್ ಅದನ್ನು ತಿರುಗಿಸುವಾಗ, ಚಫ್, ಚಫ್, ಚಫ್ ಅಂತ ಒಂದು ತಾಳ ಇರುತ್ತೆ. ಫ್ಲಡ್ ಆದಾಗ ಆ ತಾಳ ಹೋಗಿ, ಖಾಲಿ ಮಿಕ್ಸಿ ಜಾರ್ ತಿರುಗಿಸಿದ ಹಾಗೆ ಒಂದೇ ಸಮ ಗುರ್ರ್ ಅನ್ನುತ್ತೆ. ಸ್ಟಾರ್ಟರ್ ಜೋರಾಗಿ ತಿರುಗುತ್ತೆ ಅಂತ ನೀವು ಬರೆದಿದ್ದೀರಲ್ಲ, ಅದೇ ಇದು. ಒತ್ತಡ ಇಲ್ಲದ್ದಕ್ಕೆ ಸಲೀಸಾಗಿ ತಿರುಗುತ್ತಿದೆ.

ಈಗ ಕೆಲಸ. ಕಾರನ್ನು ತಳ್ಳಿಕೊಂಡು ಬಯಲಿಗೆ ತನ್ನಿ. ಬೀಡಿ, ಸಿಗರೇಟು, ಅಗರಬತ್ತಿ ಯಾವುದೂ ಹತ್ತಿರ ಬೇಡ. ಇಂಜೆಕ್ಟರ್‌ಗೆ ಕರೆಂಟ್ ಕೊಡುವ ಫ್ಯೂಸ್ ತೆಗೆಯಿರಿ, ಇಜಿಐ ಅಂತ ಬರೆದಿರುತ್ತೆ. ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಕೂಡ ಬಿಚ್ಚಿ. ಇದನ್ನು ಮರೆಯಲೇಬಾರದು, ಯಾಕಂದ್ರೆ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಚಿಮ್ಮುತ್ತೆ, ಅಲ್ಲೇ ಒಂದು ಕಿಡಿ ಹಾರಿದರೆ ಮುಗೀತು. ನಾಲ್ಕೂ ಪ್ಲಗ್ ಇಂಜಿನ್‌ನ ಎಡಗಡೆ ಇವೆ. ಕೆಳಗಿನ ಎರಡು ಲೀಡಿಂಗ್ (ಮೊದಲು ಕಿಡಿ ಹಾರಿಸುವವು), ಮೇಲಿನ ಎರಡು ಟ್ರೇಲಿಂಗ್ (ಅದರ ಹಿಂದೆಯೇ ಹಾರಿಸುವವು). ಬಿಚ್ಚುವಾಗಲೇ ಗುರುತು ಹಾಕಿ ಇಡಿ, ಅದಲು ಬದಲಾಗಬಾರದು. ಎನ್‌ಜಿಕೆ ಪ್ಲಗ್ ಆದರೆ ಕೆಳಗಿನದಕ್ಕೆ 7, ಮೇಲಿನದಕ್ಕೆ 9 ನಂಬರ್ ಇರುತ್ತೆ.

ನಾಲ್ಕೂ ತೆಗೆದ ಮೇಲೆ ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ, ಬಿಡಿ. ಸ್ಟಾರ್ಟರ್ ತಣ್ಣಗಾಗಲಿ, ಮತ್ತೆ ಮಾಡಿ. ತೂತಿನ ಮುಂದೆ ಹಳೇ ಬಟ್ಟೆ ಹಿಡಿದಿಟ್ಟರೆ ಎಷ್ಟು ಪೆಟ್ರೋಲ್ ಇತ್ತು ಅನ್ನೋದು ನಿಮಗೇ ಕಾಣುತ್ತೆ. ಬಟ್ಟೆ ಒಣಗಿಯೇ ಉಳಿಯುವ ತನಕ ಇದನ್ನು ಮಾಡಿ. ಆಮೇಲೆ ಒಂದು ಗಂಟೆ ಹಾಗೇ ಬಿಟ್ಟು ಚಹಾ ಕುಡಿದು ಬನ್ನಿ. ಅಷ್ಟರಲ್ಲಿ ಪ್ಲಗ್ ಒರೆಸಿ ಹೇರ್ ಡ್ರೈಯರ್‌ನಲ್ಲಿ ಒಣಗಿಸಿ. ಈ ಪ್ಲಗ್ ನಿಮ್ಮ ಪುಣೆಯ ಸ್ಪೇರ್ ಪಾರ್ಟ್ಸ್ ಬಜಾರು ನಾನಾ ಪೇಠೆಯಲ್ಲಿ ಸಿಗೋದು ಕಷ್ಟ, ಸದ್ಯಕ್ಕೆ ಇರೋದನ್ನೇ ಹಾಕಿ.

ಪ್ಲಗ್ ಹಾಕುವ ಮೊದಲು ಕೆಳಗಿನ ಎರಡೂ ತೂತಿಗೆ ಒಂದೊಂದು ಟೀ ಚಮಚ ಇಂಜಿನ್ ಆಯಿಲ್ ಬಿಡಿ. ಫ್ಯೂಸ್ ಹೊರಗಿದ್ದಾಗಲೇ ನಾಲ್ಕಾರು ಸುತ್ತು ತಿರುಗಿಸಿ. ಆಯಿಲ್ ಹರಡುತ್ತೆ, ಸೀಲ್ ಹಿಡಿಯುತ್ತೆ. ಆಮೇಲೆ ಪ್ಲಗ್, ಕಾಯಿಲ್, ಫ್ಯೂಸ್ ಎಲ್ಲ ಜೋಡಿಸಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಅರೆಬರೆ ಬ್ಯಾಟರಿಯಲ್ಲಿ ರೋಟರಿ ಹೊತ್ತಿಕೊಳ್ಳಲ್ಲ, ಅದಕ್ಕೆ ವೇಗ ಬೇಕು.

ಹೊತ್ತಿಕೊಂಡರೆ ಹೊಗೆ ಬರುತ್ತೆ. ಸ್ವಲ್ಪ ಅಲ್ಲ, ಇಡೀ ಕಟ್ಟಡ ಮುಚ್ಚುವಷ್ಟು. ಸೊಸೈಟಿ ಸೆಕ್ರೆಟರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಹೆದರಿ ಆಫ್ ಮಾಡಿದಿರೋ, ಮತ್ತೆ ಮೊದಲಿಂದ. ಎರಡು ಸಾವಿರ ಆರ್‌ಪಿಎಂ ಆಸುಪಾಸು ಹಿಡಿದು, ಟೆಂಪರೇಚರ್ ಮುಳ್ಳು ಮಾಮೂಲಿ ಜಾಗಕ್ಕೆ ಬಂದ ಮೇಲೆಯೇ ನಿಲ್ಲಿಸಿ.

ಟ್ಯಾಂಕಿನ ಹಳೇ ಪೆಟ್ರೋಲ್ ಇಳಿಸಿಬಿಡಿ. ಈಗ ಪಂಪ್‌ನಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆಸಿದ್ದು, ಅದು ತೇವ ಹೀರುತ್ತೆ. 1989ರ ರಬ್ಬರ್ ಹೋಸ್‌ಗಳಿಗೂ ಒಳ್ಳೆಯದಲ್ಲ. ಹೋಸ್ ಬದಲಿಸುವಾಗ ಇಂಜೆಕ್ಷನ್ ಒತ್ತಡ ತಡೆಯುವಂಥದ್ದನ್ನೇ ಕೇಳಿ. ಕಾರ್ಬ್ಯುರೇಟರ್ ಗಾಡಿಯ ಹೋಸ್ ಹಾಕಿದರೆ ಒಡೆಯುತ್ತೆ. ಇಷ್ಟೆಲ್ಲ ಮಾಡಿಯೂ, ಚೆನ್ನಾಗಿ ಓಡಿಸಿ ನಿಲ್ಲಿಸಿದ ಮರುದಿನ ಮತ್ತೆ ಫ್ಲಡ್ ಆದರೆ, ರಾತ್ರಿಯೆಲ್ಲ ಇಂಜೆಕ್ಟರ್ ಸೋರುತ್ತಿದೆ ಅಂತ ತಿಳಿಯಿರಿ. ಈ ಮಾಡೆಲ್‌ನಲ್ಲಿ ಅದು ಇದ್ದದ್ದೇ.

ಇನ್ನು ಆ ಗೇಜ್ ವಿಷಯ. ಮಾಮೂಲಿ ಗೇಜ್ ರೋಟರ್‌ನ ಮೂರು ಮುಖಗಳಲ್ಲಿ ಅತಿ ಹೆಚ್ಚಿನ ಒತ್ತಡ ಯಾವುದೋ ಅದನ್ನು ಮಾತ್ರ ತೋರಿಸಿ ನಿಂತುಬಿಡುತ್ತೆ. ಅದರ ವಾಲ್ವ್ ಒತ್ತಿ ಹಿಡಿದು ಮುಳ್ಳು ನೋಡಿ. ಮೂರು ಸಲ ಒಂದೇ ಎತ್ತರಕ್ಕೆ ಕುಣಿದರೆ ಸೀಲ್ ಚೆನ್ನಾಗಿದೆ. ಮೂರರಲ್ಲಿ ಒಂದೋ ಎರಡೋ ಖಾಲಿ ಅಂದರೆ ಇಂಜಿನ್ ಇಳಿಸುವ ಮಾತಾಡೋಣ. ಫ್ಲಡ್ ಆದಾಗ ನೋಡಿದ ಕಂಪ್ರೆಷನ್‌ಗೆ ಬೆಲೆ ಇಲ್ಲ, ಒಣಗಿಸಿ ಓಡಿಸಿದ ಮೇಲೆ ನೋಡಿಸಿ.

ಮುಂದಿನ ಸಲ ವಾಚ್‌ಮನ್ ಕರೆದರೆ ಹ್ಯಾಂಡ್‌ಬ್ರೇಕ್ ಬಿಟ್ಟು, ಇಬ್ಬರು ಸೇರಿ ತಳ್ಳಿ.

ಪ್ರಶ್ನೆ: ನನ್ನದು ಮಜ್ದಾದ ಇನ್ನೊಂದು ರೋಟರಿ ಕಾರು, ಆರ್‌ಎಕ್ಸ್-8. ಬೆಳಿಗ್ಗೆ ಚೆಂಬೂರಿನಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ. ಲೋಣಾವಳದಲ್ಲಿ ವಡಾ ಪಾವ್ ತಿಂದು ಬಂದರೆ ಆಗಲ್ಲ. ಅರ್ಧ ಗಂಟೆ ಕಾದರೆ ಆಗುತ್ತೆ. ಇದೂ ಫ್ಲಡಿಂಗ್ ಅಲ್ವಾ?

ಉತ್ತರ: ಅಲ್ಲ ಅನಿಸುತ್ತೆ, ಇಲ್ಲಿ ನನಗೆ ಭಯವಿದೆ. ಬಿಸಿಯಾದಾಗ ಆಯಿಲ್ ತೆಳ್ಳಗಾಗುತ್ತೆ, ಸವೆದ ಸೀಲ್ ಆಗ ಗುಟ್ಟು ಬಿಟ್ಟುಕೊಡುತ್ತೆ. ರೋಟರ್‌ನ ಮೂರು ಮುಖಗಳ ಒತ್ತಡವನ್ನು ಬೇರೆ ಬೇರೆ ತೋರಿಸುವ ರೋಟರಿ ಟೆಸ್ಟರ್ ಇರುವ ಕಡೆ ಕಂಪ್ರೆಷನ್ ನೋಡಿಸಿ. ನಿಮ್ಮ ಇಂಜಿನ್‌ಗೆ 250 ಆರ್‌ಪಿಎಂನಲ್ಲಿ ಕನಿಷ್ಠ 680 ಕಿಲೋಪಾಸ್ಕಲ್ ಇರಬೇಕು, ಅಂದರೆ ಚದರ ಸೆಂಟಿಮೀಟರ್‌ಗೆ ಸುಮಾರು 6.9 ಕೆಜಿ. ಒಂದೇ ರೋಟರ್‌ನ ಮೂರು ಮುಖಗಳ ನಡುವೆ 150 ಕಿಲೋಪಾಸ್ಕಲ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಅದಕ್ಕೂ ಮೊದಲು ನಾಲ್ಕು ಕಾಯಿಲ್, ಪ್ಲಗ್, ಬ್ಯಾಟರಿ ನೋಡಿಸಿಬಿಡಿ, ಅಗ್ಗದ ಕೆಲಸ. ಜೋರಾಗಿ ತಿರುಗುವ ಸ್ಟಾರ್ಟರ್ ಹಾಕಿದರೆ ಕೆಲವು ಕಾಲ ದೂಡಬಹುದು. ಆದರೆ ಅದು ದೂಡುವುದಷ್ಟೇ, ಇಂಜಿನ್‌ಗೆ ದುಡ್ಡು ಕೂಡಿಡಲು ಶುರು ಮಾಡಿ.

ಪ್ರಶ್ನೆ: ಮಡಗಾಂವ್‌ನಿಂದ. ನನ್ನ ಆರ್‌ಎಕ್ಸ್-8 ಆಯಿಲ್ ಕುಡಿಯುತ್ತೆ. ಎಲ್ಲೂ ಸೋರಿಕೆ ಕಾಣಲ್ಲ. "ಇಂಜಿನ್ ಹೋಯ್ತು, ಮಾರಿಬಿಡು" ಅಂತಾರೆ ಅಣ್ಣ.

ಉತ್ತರ: ಮಾರಬೇಡಿ. ಸೀಲ್‌ಗಳಿಗೆ ಜಿಡ್ಡು ಸಿಗಲಿ ಅಂತ ಮಜ್ದಾದವರೇ ಒಂದು ಪಂಪ್ ಇಟ್ಟು ಇಂಜಿನ್ ಆಯಿಲನ್ನು ಒಳಗೆ ಬಿಡಿಸುತ್ತಾರೆ. ಪೆಟ್ರೋಲ್ ಜೊತೆ ಅದೂ ಉರಿಯುತ್ತೆ. ಹೀಗಾಗಿ ಆಯಿಲ್ ಕಡಿಮೆಯೇ ಆಗದಿದ್ದರೆ ಆ ಪಂಪ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನೋಡಿಸಬೇಕು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಡಿಪ್‌ಸ್ಟಿಕ್ ನೋಡಿ, ಡಿಕ್ಕಿಯಲ್ಲಿ ಒಂದು ಲೀಟರ್ ಇಟ್ಟುಕೊಳ್ಳಿ. ಇಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಮತ್ತೆ ಬರೆಯಿರಿ.