ಗಾಳಿ ಬಂದರೆ ಕರೆಂಟ್ ಯಾಕೆ ತೆಗೆಯುತ್ತಾರೆ? ತಂತಿಯಿಂದ ಬಣವೆ ಸುಟ್ಟರೆ ಹೊಣೆ ಯಾರದು?

ಹೊಣೆ ಲೈನ್ ನಡೆಸುವವರದ್ದು. ಗದಗ, ಹಾವೇರಿ, ಧಾರವಾಡದ ಕಡೆ ಅದು ಹೆಸ್ಕಾಂ, ಅಂದರೆ ಸರ್ಕಾರದ್ದೇ ಕಂಪನಿ.

ಜೋತುಬಿದ್ದ ಎರಡು ತಂತಿ ಗಾಳಿಗೆ ಒಂದಕ್ಕೊಂದು ತಾಗಿದರೆ ಕಿಡಿ ಹಾರುತ್ತದೆ, ಕರಗಿದ ಅಲ್ಯೂಮಿನಿಯಂ ಹನಿ ಕೆಳಗೆ ಬೀಳುತ್ತದೆ. ಕೆಳಗೆ ಒಣಗಿದ ಜೋಳದ ಕಣಿಕೆಯೋ ಕಪ್ಪತಗುಡ್ಡದ ಬೇಸಿಗೆ ಹುಲ್ಲೋ ಇದ್ದರೆ ಮುಗಿಯಿತು. ಹಾಗಾಗಿ ಆ ಹೊತ್ತಿಗೆ ಲೈನ್ ಬಂದ್ ಮಾಡುವುದು ತಪ್ಪಲ್ಲ. ತಂತಿ ಬಿಗಿ ಮಾಡದೆ, ಕೊಂಬೆ ಕಡಿಯದೆ ಸುಮ್ನೆ ಬಿಡುವುದು ತಪ್ಪು.

ಆಮೇಲೆ ಗಾಳಿಯ ಮೇಲೆ ಹಾಕಿ ಜಾರಿಕೊಳ್ಳಲು ಆಗುವುದಿಲ್ಲ. ಮಧ್ಯಪ್ರದೇಶದಲ್ಲಿ ರಸ್ತೆಗೆ ಬಿದ್ದ ತಂತಿ ತಗುಲಿ ಸೈಕಲ್ ಸವಾರನೊಬ್ಬ ಸತ್ತ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ: ನಿರ್ಲಕ್ಷ್ಯ ಸಾಬೀತಾಗದಿದ್ದರೂ ಕರೆಂಟ್ ಪೂರೈಸುವವರು ಪರಿಹಾರ ಕೊಡಬೇಕು. ಬರೀ ಕರೆಂಟ್ ಹೋಗುವ ತೊಂದರೆಗೆ 2003ರ ವಿದ್ಯುತ್ ಕಾಯ್ದೆಯ 57ನೇ ಕಲಂ ಇದೆ. ಸೇವೆ ಎಷ್ಟರಮಟ್ಟಿಗೆ ಇರಬೇಕು ಅಂತ ರಾಜ್ಯದ ವಿದ್ಯುತ್ ಆಯೋಗ ಗೊತ್ತು ಮಾಡುತ್ತದೆ, ತಪ್ಪಿದರೆ ಗ್ರಾಹಕರಿಗೆ ಪರಿಹಾರ.

ಬಣವೆ ಸುಟ್ಟರೆ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬೂದಿ ಎತ್ತುವ ಮೊದಲೇ ಕಂಬ, ತಂತಿ, ಸುಟ್ಟ ಜಾಗ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆಯಿರಿ, ಪಂಚನಾಮೆ ಮಾಡಿಸಿ. ಹೊಲದ ಮೇಲೆ ತಂತಿ ಈಗಲೇ ಜೋತಿದೆಯಾ? ಇವತ್ತೇ ಬರೆದು ಅರ್ಜಿ ಕೊಡಿ, ನಕಲಿನ ಮೇಲೆ ಸಹಿ-ಸಿಕ್ಕಾ ಹಾಕಿಸಿಕೊಳ್ಳಿ.