ಮ್ಯಾನ್‌ಹೋಲ್ ಮುಚ್ಚಳವನ್ನು ಕೈಯಿಂದ ತೆಗೆಯುವಾಗ ಬೆನ್ನು, ಬೆರಳಿಗೆ ಪೆಟ್ಟಾಗದಂತೆ ಏನು ಮಾಡಬೇಕು?

ಆದಷ್ಟು ಎತ್ತಬೇಡಿ, ಜಾರಿಸಿ. 600 ಮಿ.ಮೀ. ವ್ಯಾಸ, 40 ಮಿ.ಮೀ. ದಪ್ಪದ ಗಟ್ಟಿ ಬೀಡು ಕಬ್ಬಿಣದ ಮುಚ್ಚಳ ಸುಮಾರು 80 ಕೆ.ಜಿ. ತೂಗುತ್ತದೆ. ಬಗ್ಗಿ ನೇರವಾಗಿ ಎಳೆಯುವ ತೂಕ ಅದಲ್ಲ.

ತೂಕಕ್ಕಿಂತ ದೊಡ್ಡ ತೊಂದರೆ ಅಂದರೆ ಅಂಟಿಕೊಂಡಿರುವುದು. ಮಣ್ಣು, ತುಕ್ಕು ಸೇರಿ ಮುಚ್ಚಳ ಚೌಕಟ್ಟಿಗೆ ಕಚ್ಚಿಕೊಂಡಿರುತ್ತದೆ. ಜೋರಾಗಿ ಎಳೆದಾಗ ಅದು ತಟ್ಟನೆ ಬಿಟ್ಟರೆ ಸೊಂಟ ಹಿಡಿಯುತ್ತದೆ. ಹಾಗಾಗಿ ಮೊದಲು ಸಂದಿಯ ಮಣ್ಣು ಕೆರೆದು ತೆಗೆಯಿರಿ. ಮೇಲೆ ಮರದ ತುಂಡು ಇಟ್ಟು ಅಂಚಿನ ಸುತ್ತ ತಟ್ಟಿ ಸಡಿಲಿಸಿ. ಸುಮ್ನೆ ಕಬ್ಬಿಣಕ್ಕೆ ಕಬ್ಬಿಣ ಬಡಿಯಬೇಡಿ. ಚರಂಡಿಯಲ್ಲಿ ಮೀಥೇನ್ ಇದ್ದರೆ ಒಂದು ಕಿಡಿ ಸಾಕು.

ಆಮೇಲೆ ಇಬ್ಬರು, ಎರಡು ಕೀಲಿ (ಮುಚ್ಚಳದ ತೂತಿಗೆ ಸಿಕ್ಕಿಸಿ ಎತ್ತುವ ಕೊಕ್ಕೆ). ಮುಚ್ಚಳಕ್ಕೆ ಹೊಂದುವ, ಉದ್ದ ಹಿಡಿಯ ಕೀಲಿಯೇ ಬೇಕು. ಮಂಡಿ ಸ್ವಲ್ಪ ಬಗ್ಗಿಸಿ, ಬೆನ್ನು ತಿರುಚದೆ, ಒಂದು ಅಂಚು ಮಾತ್ರ ಮೇಲೆತ್ತಿ ಹಿಂದಕ್ಕೆ ಎಳೆಯಿರಿ. ಸನ್ನೆಗೋಲಿನಂತೆ ಕೆಲಸ ಮಾಡುವ ಮ್ಯಾಗ್ನೆಟ್ ಲಿಫ್ಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಬೆರಳು, ಕಾಲು ಯಾವತ್ತೂ ಮುಚ್ಚಳದ ಕೆಳಗೆ ಹೋಗಬಾರದು. ಸೇಫ್ಟಿ ಶೂ, ಗ್ಲೌಸ್ ಹಾಕಿಕೊಳ್ಳಿ. ಗುಂಡಿಯ ಸುತ್ತ ಅಡ್ಡಗಟ್ಟೆ ಇಡಿ.

ತೆರೆದ ಮೇಲೆ ಬಗ್ಗಿ ಇಣುಕಬೇಡಿ. ವಾಸನೆ ಇಲ್ಲ ಅಂತ ನಂಬಲೂಬೇಡಿ, ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ರಕ್ಷಣಾ ಸಾಧನವಿಲ್ಲದೆ ಯಾರನ್ನಾದರೂ ಚರಂಡಿಯೊಳಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ.

ಮುಚ್ಚುವ ಮುಂಚೆ ಚೌಕಟ್ಟಿನ ಅಂಚು ಒರೆಸಿ. ಕಲ್ಲು ಸಿಕ್ಕಿಕೊಂಡರೆ ಮುಚ್ಚಳ ಅಲುಗಾಡುತ್ತದೆ, ಗಾಡಿ ಹತ್ತಿದಾಗ ಏಳುತ್ತದೆ.